ಎಂಟನೇ ಡಿವಿಜನ್ನಿನ ಶಟ್ಟೆಪ್ಪ

ಕಲ್ಮೇಶಪ್ಪ ಹವಾಲ್ದಾರನಿಗೆ ಊರವರು ಡಿವಿಜನ್ ಕಲ್ಮೇಶಪ್ಪ ಎಂದು ಹೆಸರಿಟ್ಟಿದ್ದರು. ಅವರದೇನೂ ತಪ್ಪಿಲ್ಲ. ಇಪ್ಪತ್ತೆರಡು ವರ್ಷ ಮರಾಠಾ ಪಲ್ಟಣದಲ್ಲಿ ದುಡಿದು, ಈಗ ದಿನ ಬಿಟ್ಟು ದಿನ ಬೈಲಹೊಂಗಲದ ಗೋದಾಮೊಂದರ ಕಾವಲಿಗೆ ಹೋಗುವ ಈ ಮನುಷ್ಯನ ಮುಂದೆ ನೀವು ಮಳೆಯ ಸುದ್ದಿ ತೆಗೆದರೂ ಸಾಕು, ಅದು ಎಲ್ಲೆಲ್ಲೋ ಸುತ್ತಿ ಬಂದು, ಹತ್ತಾರು ಪಲ್ಟಣ ಕೂಡಿದ ಕಾಲಾಳು ಡಿವಿಜನ್ನುಗಳ ಹತ್ತಿರ ನಿಲ್ಲುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಆರನೇ ಪೂನಾ ಡಿವಿಜನ್ನು ಕೂಟ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕು ತಿಂಗಳುಗಟ್ಟಲೆ ಹಸಿದದ್ದು, ಎರಡನೆಯದರಲ್ಲಿ ನಾಲ್ಕನೇ ಡಿವಿಜನ್ನು ಆಫ್ರಿಕಾದ ಕೆರೆನ್ನಿನ ಗುಡ್ಡ ಹತ್ತಿದ್ದು, ಎಂಟನೇ ಡಿವಿಜನ್ನು ಇಟಲಿಯಲ್ಲಿ ಒಂದು ಹೊಳೆ ದಾಟುವಷ್ಟರಲ್ಲಿ ಇನ್ನೊಂದು ಹೊಳೆ ಎದುರಾಗಿ ಚಳಿಗಾಲವೆಲ್ಲ ಕೆಸರಿನಲ್ಲಿ ಕಳೆದದ್ದು, ಎಲ್ಲವೂ ಅವನಿಗೆ ತನ್ನ ಹೊಲದ ಬದುವಿನಷ್ಟು ಪರಿಚಯ.

“ನಿಮ್ಮ ಡಿವಿಜನ್ ಮಂದಿಗೆ ಹೇಳ್ರಿ, ಗಿರಣಿಗೆ ಜ್ವಾಳ ಒಯ್ಯೂದೈತಿ” ಎಂದು ಹೆಂಡತಿ ಪದ್ಮವ್ವ ಕೆಣಕುತ್ತಿದ್ದಳು. ಅವನು ಹೂಂ ಅನ್ನುತ್ತಿದ್ದ, ಕನ್ನಡಕ ಏರಿಸಿಕೊಂಡು ಮತ್ತೆ ಬರೆಯಲು ಕೂರುತ್ತಿದ್ದ.

ಬರೆಯುತ್ತಿದ್ದದ್ದು ಊರಿನ ಪುಸ್ತಕ. ದೊಡವಾಡದಿಂದ ಬರುವ ಬಸ್ಸು ಮುಖ ತಿರುಗಿಸುವ ಕಡೆಯ ಊರು ಅದು. ಅಷ್ಟು ಸಣ್ಣ ಊರಿನಿಂದ ಎರಡೂ ಯುದ್ಧಕ್ಕೆ ಸೇರಿ ಮೂವತ್ತು ಜನ ಹೋಗಿದ್ದರು. ಯಾರು, ಯಾರ ಮಗ, ಯಾವ ಪಲ್ಟಣ, ಆ ಪಲ್ಟಣ ಯಾವ ಡಿವಿಜನ್ನಿನಲ್ಲಿತ್ತು, ತಿರುಗಿ ಬಂದನೋ ಇಲ್ಲವೋ, ಇಷ್ಟನ್ನೂ ಮನೆ ಮನೆಗೆ ಹೋಗಿ ಕೇಳಿ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ತುಂಬಿಸುತ್ತಿದ್ದ. ದಸರೆಯೊಳಗೆ ಮುಗಿಸಿಕೊಟ್ಟರೆ ಪಂಚಾಯಿತಿಯವರು ಅಚ್ಚು ಹಾಕಿಸುವ ಮಾತಾಗಿತ್ತು.

ಶ್ರಾವಣ ಕಳೆದ ಮೇಲೆ ಒಂದು ದಿನ ಎದುರು ಓಣಿಯ ಚನ್ನವ್ವ ಕೋಲೂರಿಕೊಂಡು ಬಂದಳು. ಎಂಬತ್ತೆರಡು ವರ್ಷ, ಹಿಡಿಯಷ್ಟು ಜೀವ. ನಾಲ್ಕು ಮೆಟ್ಟಿಲು ಹತ್ತಿ ಬಂದದ್ದಕ್ಕೆ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಉಸಿರು ಸುಧಾರಿಸಿಕೊಂಡಳು.

“ಕಲ್ಮೇಶಾ, ನಿನ್ನ ಪುಸ್ತಕದಾಗ ನಮ್ಮಪ್ಪ ಎಲ್ಲೆರ ಅದಾನೇನೋ?”

“ಆಯಿ, ನಿಮ್ಮಪ್ಪ ಪಲ್ಟಣಕ್ಕ ಹೋದಾಂವ ಅಲ್ಲಲ್ರಿ. ಇಲ್ಲಿಂದ ಮಂದಿ ಹೋಗಿದ್ದೆಲ್ಲಾ ಮರಾಠಾ ಪಲ್ಟಣಕ್ಕ. ಲಿಂಗಾಯತರನ್ನ ಅದಕ್ಕ ಆವಾಗ ತಗೋತಿದ್ದಿಲ್ಲ.”

“ಗೊತ್ತೈತಿ. ಆದ್ರೂ ನೋಡು. ಆ ಡಾಕ್ಟರ್ ನಮ್ಮ ಹುಡುಗನ ಕಿವ್ಯಾಗ ಏನೋ ಹೇಳಿದ. ನನಗೇನ ಕಿವುಡ ಇಲ್ಲ. ನಾ ಹೋಗೂದರೊಳಗ ಅವಗ ಒಂದ ತುತ್ತ ಹಾಕಬೇಕು.”

ಈ ತುತ್ತಿನ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಚನ್ನವ್ವನ ತಂದೆ ನಿಜಗುಣಪ್ಪ, ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನ, ನಲವತ್ತೆರಡನೇ ಇಸವಿಯ ಮಳೆಗಾಲದಲ್ಲಿ ಹುಬ್ಬಳ್ಳಿ ಮಿಲ್ಲಿಗೆ ಹೋಗಿ ನಾಲ್ಕು ತಿಂಗಳಲ್ಲಿ ಬರುತ್ತೇನೆಂದು ಮನೆ ಬಿಟ್ಟಿದ್ದ. ಹೆಂಡತಿ ಸಾವಂತ್ರೆವ್ವ ಆಗ ಎರಡು ತಿಂಗಳ ಬಸುರಿ. ನಾಚಿಕೊಂಡು ಅವಳಿನ್ನೂ ಗಂಡನಿಗೆ ಹೇಳಿರಲಿಲ್ಲ. ಅವನು ಬರಲೇ ಇಲ್ಲ. ನಾಟಕ ಕಂಪನಿಯವಳ ಬೆನ್ನು ಹತ್ತಿ ಹೋದ ಎಂದು ಊರು ತೀರ್ಮಾನ ಕೊಟ್ಟಿತು. ಊರಿಗೆ ತೀರ್ಮಾನ ಕೊಡುವುದು ಯಾವತ್ತೂ ಕಷ್ಟವಲ್ಲ. ಸಾವಂತ್ರೆವ್ವ ಮಾತ್ರ ತಾಳಿ ತೆಗೆಯಲಿಲ್ಲ, ಹಸಿರು ಬಳೆ ತೆಗೆಯಲಿಲ್ಲ. ತೊಂಬತ್ತನಾಲ್ಕರಲ್ಲಿ ಸಾಯುವಾಗ, ಮದುವೆಯಾದ ಮೇಲೂ ತವರುಮನೆಯಲ್ಲೇ ಉಳಿದಿದ್ದ ಮಗಳ ಕೈಯಲ್ಲಿ ಆಣೆ ಹಾಕಿಸಿಕೊಂಡಳು. ಸತ್ತನೆಂದು ಬಲ್ಲವರು ಯಾರಾದರೂ ಬಂದು ಹೇಳುವ ತನಕ ದಸರೆಯ ಹಿಂದಿನ ಮಾನಮಿ ಅಮಾವಾಸ್ಯೆಯ ಹಿರಿಯರ ಎಡೆಯಲ್ಲಿ ಅವನಿಗೆ ತಾಟು ಇಡಕೂಡದು. ಬದುಕಿದವನಿಗೆ ಎಡೆ ಇಟ್ಟರೆ ಅವನ ಆಯುಷ್ಯ ಕಡಿಮೆಯಾಗುತ್ತದೆ.

ನೂರಾ ಮೂರು ವರ್ಷದ ಮನುಷ್ಯ ಎಲ್ಲಿ ಬದುಕಿರುತ್ತಾನೆ ಎಂದು ಜನ ನಗುತ್ತಿದ್ದರು. ಅದು ಚನ್ನವ್ವನಿಗೂ ತಿಳಿಯುತ್ತಿತ್ತು. ಆದರೆ ಆಣೆ ಆಣೆಯೇ. ಅಜ್ಜ ಅಜ್ಜಿ, ಮುತ್ತಜ್ಜ, ತಾಯಿ ಎಲ್ಲರಿಗೂ ಸಾಲಾಗಿ ಬಡಿಸುವಾಗ ಅಪ್ಪನೊಬ್ಬನನ್ನು ಬಿಟ್ಟು ಬಡಿಸುವುದು ಅವಳಿಗೆ ಪ್ರತಿ ವರ್ಷ ಎದೆಯಲ್ಲಿ ಮುಳ್ಳಾಡಿಸಿದ ಹಾಗಾಗುತ್ತಿತ್ತು.

“ನೋಡತೇನಿ ಆಯಿ” ಎಂದ ಕಲ್ಮೇಶಪ್ಪ, ಸಿಗುವುದಿಲ್ಲವೆಂದು ಗೊತ್ತಿದ್ದೂ.

ನೋಡಿದ. ಎರಡೂ ಯುದ್ಧದಲ್ಲಿ ಸತ್ತ ಸಿಪಾಯಿಗಳ ಹೆಸರು, ತಂದೆಯ ಹೆಸರು, ಊರು, ಸತ್ತ ತಾರೀಖು ಇರುವ ದೊಡ್ಡ ಪಟ್ಟಿಯೊಂದು ಮೊಬೈಲಿನಲ್ಲೇ ಸಿಗುತ್ತದೆ. ನಿಜಗುಣಪ್ಪ ಎಂಬ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಆದರೆ ಬೆಳಗಾವಿ ಜಿಲ್ಲೆ ಎಂದು ಹುಡುಕುತ್ತ ಹೋದಾಗ ತನ್ನದೇ ಊರಿನ ಹೆಸರು ಕಣ್ಣಿಗೆ ಬಿತ್ತು. ಸಿಪಾಯಿ ಶಟ್ಟೆಪ್ಪ ಜಾಧವ, ತಂದೆ ರಾಣೋಜಿ. ಎಂಟನೇ ಭಾರತೀಯ ಡಿವಿಜನ್, ಇಟಲಿ. ಡಿಸೆಂಬರ್ ೧೯೪೩. ವಯಸ್ಸು ಇಪ್ಪತ್ತೊಂದು.

ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೆ ಓದಿದ. ಯಾಕೆಂದರೆ ರಾಣೋಜಿಯ ಮಗ ಶಟ್ಟೆಪ್ಪ ಜಾಧವನ ಚಟ್ಟಕ್ಕೆ ಕಲ್ಮೇಶಪ್ಪ ತಾನೇ ಹೆಗಲು ಕೊಟ್ಟಿದ್ದ. ಅದು ಎಂಬತ್ತೇಳರಲ್ಲಿ. ಅವನಿಗಾಗ ಹದಿನಾರು ವರ್ಷ, ಮುದುಕನಿಗೆ ಅರವತ್ತೈದು. ಆ ಊರಿನಲ್ಲಿ ಆ ಹೆಸರಿನವನು ಮತ್ತೊಬ್ಬನಿರಲಿಲ್ಲ, ರಾಣೋಜಿಗೆ ಇನ್ನೊಬ್ಬ ಮಗನೂ ಇರಲಿಲ್ಲ.

ಕಾರಕೂನರ ತಪ್ಪಿರಬೇಕು ಅಂದುಕೊಂಡ. ಪಲ್ಟಣದ ಕಾಗದದಲ್ಲಿ ಹಿಂದೊಮ್ಮೆ ಅವನನ್ನೇ ಕಮಲೇಶ ಎಂದು ಬರೆದು ಒಂದು ವರ್ಷ ಕಾಡಿದ್ದರು. ಆದರೂ ಹೆಸರನ್ನು ನೋಟ್‌ಬುಕ್ಕಿಗೆ ಇಳಿಸಿದ, ಮೂವತ್ತೊಂದನೆಯದಾಗಿ.

ಕಲ್ಮೇಶಪ್ಪನಿಗೆ ಒಂದು ಅಭ್ಯಾಸವಿತ್ತು. ಪುಸ್ತಕ ಮುಚ್ಚುವ ಮೊದಲು ಎದ್ದು ನೆಟ್ಟಗೆ ನಿಂತು, ಪಲ್ಟಣದಲ್ಲಿ ಸಂಜೆ ಹಾಜರಿ ಕೂಗುವ ಹಾಗೆ ಎಲ್ಲ ಹೆಸರನ್ನೂ ಗಟ್ಟಿಯಾಗಿ ಓದಿ, ಒಂದೊಂದಕ್ಕೂ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದ. ಒಂದು ಹೆಸರೂ ತಪ್ಪಬಾರದೆಂದು. ಪದ್ಮವ್ವ ಹೊಲಕ್ಕೆ ಹೋಗಿದ್ದಳು. ಸುಡುವ ಮಧ್ಯಾಹ್ನ. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮೂವತ್ತು ಹೆಸರು ಓದಿ ಮುಗಿಸಿದ. ಮೂವತ್ತೊಂದನೆಯದನ್ನು ಕೂಗಿದ.

“ಸಿಪಾಯಿ ಶಟ್ಟೆಪ್ಪ ಜಾಧವ!”

ಬೆನ್ನ ಹಿಂದೆ ಎರಡು ಹಿಮ್ಮಡಿ ಒಂದಕ್ಕೊಂದು ಬಡಿದು ಜೋಡಿಯಾದವು.

ಇಪ್ಪತ್ತೆರಡು ವರ್ಷ ಕೇಳಿದ ಸಪ್ಪಳ, ಅದನ್ನು ಅವನು ಬೇರೆಯದೆಂದು ತಿಳಿಯುವಂತೆಯೇ ಇರಲಿಲ್ಲ. ನಾಲು ಹೊಡೆದ ಬೂಟು, ಕೈ ಕೆಳಗಿನ ಸಿಪಾಯಿ ಸಾವಧಾನ ನಿಂತ ಸಪ್ಪಳ. ಕುತ್ತಿಗೆಗೆ ತಣ್ಣನೆಯ ಗಾಳಿ ತಾಗಿತು. ತಿರುಗಿ ನೋಡಿದರೆ ಖಾಲಿ ಪಡಸಾಲೆ, ಗೂಟಕ್ಕೆ ನೇತುಹಾಕಿದ ಬಾರುಕೋಲು, ಅಷ್ಟೆ. ಅವತ್ತು ಪೆನ್ಸಿಲ್ ಗುರುತು ಹಾಕಲು ಅವನ ಕೈ ಬರಲಿಲ್ಲ. ಹೆದರಿದ್ದ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮರುದಿನ ಜಾಧವರ ಮನೆಗೆ ಹೋದ. ಶಟ್ಟೆಪ್ಪನ ಸೊಸೆ ಮುದಕವ್ವ ಅಂಗಳದಲ್ಲಿ ಮೊರದ ತುಂಬ ಹೆಸರುಕಾಳು ಹಸನು ಮಾಡುತ್ತ ಕೂತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಮಾತು ಕಡಿಮೆ. ಕಲ್ಮೇಶಪ್ಪ ಮೊಬೈಲು ತೆಗೆದು ಓದಲು ಬಾಯಿ ತೆರೆದ.

“ಆ ಹೆಸರ ಇಲ್ಲಿ ಓದಬ್ಯಾಡ, ತಮ್ಮಾ” ಎಂದಳು ಅವಳು, ಮೊರದಿಂದ ತಲೆ ಎತ್ತದೆ.

“ಯಾವ ಹೆಸರಂತ ನಾ ಹೇಳೇ ಇಲ್ಲಲ್ಲ, ಚಿಗವ್ವಾ.”

“ನಿನ್ನ ಮಾರಿ ನೋಡಿದ್ರ ತಿಳೀತದ. ನಿಮ್ಮ ಮನಿಗೂ ಬಂದಿದ್ನೇನು?”

ಆಮೇಲೆ ಅವಳು ಹೇಳಿದಳು, ಕಾಳು ಹಸನು ಮಾಡುವುದನ್ನು ನಿಲ್ಲಿಸದೆ. ಅವಳ ಮಾವ ಬದುಕಿರುವಾಗ ಶಟ್ಟೆಪ್ಪಾ ಎಂದು ಯಾರಾದರೂ ಕರೆದರೆ ತಿರುಗುತ್ತಿರಲಿಲ್ಲ. ಅದಕ್ಕೇ ಇಡೀ ಊರು ಅವನನ್ನು ಕಾಕಾ ಎನ್ನುತ್ತಿತ್ತು. ಅವನು ಸತ್ತ ವರ್ಷದ ಮಾನಮಿ ಅಮಾವಾಸ್ಯೆಗೆ ಮನೆಯವರು ಪದ್ಧತಿಯಂತೆ ಎಡೆ ಇಟ್ಟರು. ರೊಟ್ಟಿ, ಅನ್ನ, ಒಂದು ಬಟ್ಟಲು ಕುರಿ ಮಾಂಸ. ಅವಳ ಗಂಡ ಅಪ್ಪನ ಹೆಸರು ಹಿಡಿದು ಉಣ್ಣಲು ಕರೆದ. ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ತಾಟಿನಲ್ಲಿದ್ದದ್ದೆಲ್ಲ ಬಾವಿಯ ನೀರಿನ ಹಾಗೆ ತಣ್ಣಗಾಗಿತ್ತು, ಹಿರಿಯರು ಮುಟ್ಟಿದ ಗುರುತು. ಮಾಂಸದ ಬಟ್ಟಲೊಂದು ಮಾತ್ರ ಹಬೆಯಾಡುತ್ತಿತ್ತು.

“ನಮ್ಮ ಮಾವ ಮಟನ್ ಅಂದ್ರ ಜೀವಾ ಬಿಡತಿದ್ದ, ಕಲ್ಮೇಶಪ್ಪಾ. ಅವಗ ಹಲ್ಲಿಲ್ದಾಗೂ ನಾ ಅರದು ಹಾಕೇನಿ. ಮೂವತ್ತೆಂಟ ವರ್ಷ ಆತು, ಆ ಬಟ್ಟಲಾ ಹಂಗ ಬಿಸಿ ಉಳೀತದ. ಒಂದ ವರ್ಷ ನಾ ಕಣಜದ ಹಿಂದ ಕುಂತು ಕೇಳಿದೆ. ಬೂಟಿನ ಸಪ್ಪಳ. ಹಸಿ ಬೂಟ. ನಮ್ಮ ಮಾವ ಹುಟ್ಟಿದಾಗಿಂದ ಬರಿಗಾಲಾಗ ಅಡ್ಡಾಡಿದಾಂವ. ಅಂವ ಹೋದ ಮ್ಯಾಲ ನೆಲಾ ನೋಡಿದ್ರ ಬೂದಿ ಬಣ್ಣದ ಕೆಸರ. ನಮ್ಮ ಕರಿ ಎರಿ ಮಣ್ಣಲ್ಲ ಅದು.”

“ಮತ್ತ ಯಾರು?”

ಮುದಕವ್ವ ಮೊರ ಕೆಳಗಿಟ್ಟಳು. ಮಾವ ಕಡೆಯ ದಿನಗಳಲ್ಲಿ ಅವಳೊಬ್ಬಳಿಗೇ ಹೇಳಿ, ಯಾರಿಗೂ ಹೇಳಬೇಡವೆಂದು ಮಾತು ತೆಗೆದುಕೊಂಡಿದ್ದ. ನಲವತ್ತೆರಡರಲ್ಲಿ ಬೈಲಹೊಂಗಲಕ್ಕೆ ಪಲ್ಟಣದ ಭರ್ತಿಯವರು ಬಂದಿದ್ದರು. ಒಂದೇ ಗರಡಿಯ ಇಬ್ಬರು ಗೆಳೆಯರು ಹೋದರು. ಮರಾಠನೆಂದು ಶಟ್ಟೆಪ್ಪನನ್ನು ಆರಿಸಿದರು, ಲಿಂಗಾಯತನೆಂದು ನಿಜಗುಣಪ್ಪನನ್ನು ತಿರುಗಿಸಿ ಕಳಿಸಿದರು. ಹೋಗುವ ಆಸೆ ಇದ್ದದ್ದು ನಿಜಗುಣಪ್ಪನಿಗೆ. ಶಟ್ಟೆಪ್ಪ ಮನೆಗೆ ಬಂದ ಕೂಡಲೇ ಹೋಗಲಾರೆನೆಂದು ಕೂತ, ಅವನ ತಾಯಿ ಹೊಸ್ತಿಲಿಗೆ ಅಡ್ಡ ಮಲಗಿದಳು. ಇಬ್ಬರದೂ ಒಂದೇ ಎತ್ತರ, ಒಂದೇ ಎದೆಯಳತೆ. ಗೆಳೆಯನ ಕಾಗದ ತೆಗೆದುಕೊಂಡು, ಕೊರಳ ಲಿಂಗವನ್ನು ಸೊಂಟದ ಗಂಟಿನಲ್ಲಿ ಬಚ್ಚಿಟ್ಟುಕೊಂಡು ನಿಜಗುಣಪ್ಪ ಶಟ್ಟೆಪ್ಪನಾಗಿ ಹೋದ. ನಿಜವಾದ ಶಟ್ಟೆಪ್ಪ ರಾಮದುರ್ಗದ ಸೋದರಮಾವನ ಮನೆ ಸೇರಿದ. ರಾಮದುರ್ಗ ಆಗ ರಾಜರ ಸಂಸ್ಥಾನ, ಬ್ರಿಟಿಷರ ಪೊಲೀಸರು ಅಲ್ಲಿಗೆ ಸುಮ್ಮನೆ ನುಗ್ಗುತ್ತಿರಲಿಲ್ಲ. ಮುಂದೆ ಒಂದೂವರೆ ವರ್ಷಕ್ಕೆ ರಾಣೋಜಿಯ ಮನೆಗೆ ತಂತಿ ಸುದ್ದಿಯ ತಾರು ಬಂತು. ನಿಮ್ಮ ಮಗ ಶಟ್ಟೆಪ್ಪ ಯುದ್ಧದಲ್ಲಿ ಮಡಿದನೆಂದು.

“ಊರಿಗೆ ಬಂದು ತನ್ನ ಸಾವಿನ ತಾರ ತಾನ ಓದಿದ. ಹೊರಗ ಹೇಳಿದ್ರ ಜೇಲ. ಹೆಸರ ಬದಲಿ ಮಾಡಿದ್ದಕ್ಕ. ಆ ತಾರ ಒಲಿಗೆ ಹಾಕಿದ್ರು. ಆ ಹೆಸರಿನಾಂವ ಸತ್ತಾನ, ನಾ ಹ್ಯಾಂಗ ಓ ಅನ್ಲಿ ಅಂತಿದ್ದ ನಮ್ಮ ಮಾವ. ನಾವು ವರ್ಷಾ ಶಟ್ಟೆಪ್ಪಾ ಬಾ, ಊಟಾ ಮಾಡು ಅಂತ ಕರೀತೇವಿ. ಆ ಹೆಸರಲೆ ಸತ್ತಾಂವ ಬರತಾನ, ಲಿಂಗಾಯತ, ಮಟನ್ ಮುಟ್ಟಂಗಿಲ್ಲ. ನಮ್ಮ ಮಾವ ಎಲ್ಲಿ ಉಪವಾಸ ಅದಾನೋ.”

ಕಲ್ಮೇಶಪ್ಪ ಎದ್ದು ನಿಂತ, ಮತ್ತೆ ಕೂತ. ಮೂವತ್ತೆಂಟು ವರ್ಷ ಈ ಹೆಂಗಸು ಚನ್ನವ್ವನ ಜೊತೆ ಒಂದೇ ಬೋರಿನ ನೀರು ಹಿಡಿದಿದ್ದಾಳೆ, ಒಂದೇ ಗಿರಣಿಯ ಸಾಲಿನಲ್ಲಿ ನಿಂತಿದ್ದಾಳೆ. ಸಿಟ್ಟು ಬಂತು. ಆದರೆ ಅವಳ ಮುಖ ನೋಡಿದ ಮೇಲೆ ಬೈಯಲು ಆಗಲಿಲ್ಲ.

“ಚಿಗವ್ವಾ, ಆ ಮುದುಕಿ ಕಡೀ ವರ್ಷ ಇದು. ನಡೀರಿ, ನೀವ ಬಂದು ಹೇಳ್ರಿ.”

ಚನ್ನವ್ವ ಹಿತ್ತಲಿನ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಸೊಸೆ ರೇಣು ಬಟ್ಟೆ ಒಣಹಾಕುತ್ತಿದ್ದಳು. ಮುದಕವ್ವ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ರೇಣುವಿನ ಕೈಯಲ್ಲಿನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

“ಎಲ್ಲಿ?” ಎಂದಳು ಚನ್ನವ್ವ.

“ಇಟಲಿಯೊಳಗ ರೀ ಆಯಿ” ಎಂದ ಕಲ್ಮೇಶಪ್ಪ. “ಸಾಂಗ್ರೋ ಅಂತ ಒಂದ ಹೊಳಿ. ಎಂಟನೇ ಡಿವಿಜನ್ ಅದನ್ನ ದಾಟಿ ಮುಂದ ಹೊಂಟಿತ್ತು. ಭಾಳ ಥಂಡಿ, ಭಾಳ ಕೆಸರ.”

“ಮಣ್ಣ ಕೊಟ್ಟರೇನು?”

ಈ ಪ್ರಶ್ನೆಗೇ ಅವನು ದಾರಿಯುದ್ದಕ್ಕೂ ಅಂಜಿದ್ದ. ಲಿಂಗಾಯತರಿಗೆ ಸತ್ತವನನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಕೊಡಬೇಕು. ಪಟ್ಟಿಯಲ್ಲಿ ಆ ಹೆಸರಿದ್ದದ್ದು ಬೆಂಕಿಗೆ ಕೊಟ್ಟವರ ಸಾಲಿನಲ್ಲಿ.

“ಮರಾಠಾ ಹೆಸರಿತ್ತಲ್ರಿ ಆಯಿ. ಅವರ ಪದ್ಧತಿ ಪ್ರಕಾರ ಸುಟ್ಟರು.”

ಚನ್ನವ್ವ ಅಳುವುದನ್ನು ಕಲ್ಮೇಶಪ್ಪ ಹಿಂದೆ ನೋಡಿರಲಿಲ್ಲ. ಅತ್ತಳು, ದನಿಯಿಲ್ಲದೆ, ಇಡೀ ಮೈ ಅಲುಗಿಸಿ. ಅಷ್ಟಾದ ಮೇಲೆ ಮುದಕವ್ವನ ಕಡೆ ತಿರುಗಿದಳು.

“ನಿಮ್ಮ ಮಾವ ದಿನಾ ಮುಂಜಾನೆ ನಮ್ಮ ಮನಿ ಮುಂದನ ಹೊಲಕ್ಕ ಹೋಗತಿದ್ದ. ನಮ್ಮವ್ವ ಬಾಗಲದಾಗ ನಿಂತಿರ್ತಿದ್ಲು, ಕೈತುಂಬ ಬಳಿ ಇಟಗೊಂಡು. ನೋಡತಿದ್ದನಲ್ಲವಾ? ನೋಡಿ ಹ್ಯಾಂಗ ದಾಟಿ ಹೋಗತಿದ್ದ? ಒಂದ ಮಾತ, ಮುದಕವ್ವಾ. ಒಂದ ಮಾತ ಅಂದಿದ್ರ ನಮ್ಮವ್ವ ಅತ್ತು ಮಲಗತಿದ್ಲು.”

ಮುದಕವ್ವ ಬಾಗಿ ಅವಳ ಕಾಲು ಹಿಡಿದಳು. ಚನ್ನವ್ವ ಬಿಡಿಸಿಕೊಳ್ಳಲಿಲ್ಲ, ಮೇಲಕ್ಕೆತ್ತಲೂ ಇಲ್ಲ.

“ಈ ಅಮಾಸಿಗೆ ನಾವು ಕರಿಯಂಗಿಲ್ಲ” ಎಂದಳು ಮುದಕವ್ವ. “ನೀವ ಕರೀರಿ, ಅಕ್ಕಾರ. ನಿಮ್ಮಾಂವ ಅಂವ.”

ಅಮಾವಾಸ್ಯೆಯ ದಿನ ರೇಣು ನಸುಕಿನಲ್ಲೇ ಒಲೆ ಹೊತ್ತಿಸಿದಳು. ಮನೆಯ ಗಂಡಸರಿಗೆ ಇದರಲ್ಲಿ ಮನಸ್ಸಿರಲಿಲ್ಲ. ಹೊಲದ ಪೂಜೆಯ ನೆಪ ಮಾಡಿಕೊಂಡು ಹೋದರು. ಉಳಿದ ಹಿರಿಯರ ಎಡೆಯನ್ನು ಬೆಳಿಗ್ಗೆಯೇ ಮುಗಿಸಿ, ನೆತ್ತಿಗೆ ಸೂರ್ಯ ಬರುವ ಹೊತ್ತಿಗೆ ಪಡಸಾಲೆಯಲ್ಲಿ ಒಂದೇ ಒಂದು ತಾಟು ಇಟ್ಟರು. ಹೊಸ ಧೋತರ, ಹೊಸ ರುಮಾಲು, ವಿಭೂತಿ, ಒಂದು ದೀಪ. ತಾಟಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಹೋಳಿಗೆ, ಮೇಲೆ ತುಪ್ಪ. ಪಕ್ಕದಲ್ಲಿ ಹಿತ್ತಾಳೆಯ ಚರಗಿಯಲ್ಲಿ ನೀರು. ಕಲ್ಮೇಶಪ್ಪನೂ ಮುದಕವ್ವನೂ ಬಂದು ಗೋಡೆಗೆ ಒತ್ತಿ ನಿಂತರು.

ಚನ್ನವ್ವ ಧೋತರದ ಮುಂದೆ ಕೈಜೋಡಿಸಿದಳು. ಎಂಬತ್ತೆರಡು ವರ್ಷದಲ್ಲಿ ಅವಳು ಯಾರನ್ನೂ ಅಪ್ಪಾ ಎಂದು ಕರೆದಿರಲಿಲ್ಲ.

“ಅಪ್ಪಾ, ಬಾ. ಊಟಾ ಮಾಡು.”

ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಕಟ್ಟೆಯ ಮೇಲೆ ಕೂತು ಕಾದರು. ಓಣಿ ಬಿಕೋ ಅನ್ನುತ್ತಿತ್ತು. ತೆಗೆದು ನೋಡಿದಾಗ ರೊಟ್ಟಿ ಬಿಸಿಯಾಗಿಯೇ ಇತ್ತು.

“ಹೆಸರಗೊಂಡು ಕರೀಬೇಕೇನೋ” ಎಂದಳು ರೇಣು. ತಂದೆಯ ಹೆಸರನ್ನು ಮಗಳು ಬಾಯಲ್ಲಿ ತರುವುದಿಲ್ಲ. ಚನ್ನವ್ವ ತಂದಳು. “ನಿಜಗುಣಪ್ಪಾ, ನಿನ್ನ ಮನಿ ಇದು. ಬಾ.” ಮತ್ತೆ ಬಾಗಿಲು ಎಳೆದುಕೊಂಡರು, ಮತ್ತೆ ಕಾದರು. ಈ ಸಲ ನೋಡಲು ಹೋದ ರೇಣುವಿನ ಬೆರಳು ರೊಟ್ಟಿ ತಾಗಿ ಸುಟ್ಟಿತು. ಒಲೆಯಿಂದ ಇಳಿಸಿ ಅರ್ಧ ತಾಸಾಗಿತ್ತು, ಆರುವುದಿರಲಿ, ಇನ್ನೂ ಕಾದಂತಿತ್ತು.

ಹೊತ್ತು ಇಳಿದರೆ ಎಡೆ ಸಲ್ಲುವುದಿಲ್ಲ. ಚನ್ನವ್ವ ಹೊಸ್ತಿಲಲ್ಲೇ ಕುಸಿದು ಕೂತಳು. ತುಟಿ ನೀಲಿಯಾಗಿತ್ತು.

“ಬರಂಗಿಲ್ಲ ಅಂವ. ನಾ ಯಾರಂತ ಅವಗೇನ ಗೊತ್ತೈತಿ. ಅವ್ವ ಹೇಳೇ ಇದ್ದಿಲ್ಲ.”

ಕಲ್ಮೇಶಪ್ಪನಿಗೆ ಆಗ ಹೊಳೆಯಿತು. ಸುಳ್ಳು ಹೆಸರಿನಲ್ಲಿ ಪಲ್ಟಣ ಸೇರಿದವನು ಮೊದಲು ಕಲಿಯುವ ಪಾಠ ಕವಾಯತು ಅಲ್ಲ. ತನ್ನ ಹುಟ್ಟಿದ ಹೆಸರನ್ನು ಯಾರಾದರೂ ಕೂಗಿದರೆ ತಿರುಗದೇ ಇರುವುದು. ತಿರುಗಿದರೆ ಸಿಕ್ಕಿಬಿದ್ದ. ಒಂದೂವರೆ ವರ್ಷ ಹಗಲೂ ರಾತ್ರಿ ಅದನ್ನೇ ಕಲಿತು, ಅದೇ ಕಲಿಕೆಯಲ್ಲಿ ಸತ್ತವನು ಈಗ ನಿಜಗುಣಪ್ಪಾ ಎಂದರೆ ಹೇಗೆ ಬಂದಾನು? ಹೊರಗೆ ಓಣಿಯಲ್ಲೇ ಎಲ್ಲೋ ನಿಂತು, ಕರೆ ಕೇಳಿಸಿಕೊಂಡು, ಹಲ್ಲು ಕಚ್ಚಿ ಮುಂದೆ ನೋಡುತ್ತಿರಬೇಕು. ಹಾಗೆಂದುಕೊಂಡ ಕೂಡಲೇ ಅವನ ಮೈಮೇಲಿನ ಕೂದಲು ನಿಮಿರಿತು.

“ಬಾಗಲಾ ಮುಚ್ಚ್ರಿ” ಎಂದ.

ಓಣಿಯ ನಡುವೆ ಹೋಗಿ ನಿಂತ. ಟೊಪ್ಪಿಗೆ ನೆಟ್ಟಗೆ ಮಾಡಿಕೊಂಡ, ಹಿಮ್ಮಡಿ ಕೂಡಿಸಿದ, ಎದೆ ತುಂಬ ಉಸಿರು ಎಳೆದುಕೊಂಡ. ಕೂಗಿದ್ದು ಹವಾಲ್ದಾರನ ದನಿಯಲ್ಲಿ.

“ಎಂಟನೇ ಡಿವಿಜನ್! ಸಿಪಾಯಿ ಶಟ್ಟೆಪ್ಪ ಜಾಧವ!”

ಓಣಿಯ ಕೊನೆಯಲ್ಲಿ, ಬಸ್ಸು ನಿಲ್ಲುವ ಕಡೆಯಿಂದ, ಬೂಟುಗಳು ಹೊರಟವು. ಒಂದೇ ಅಳತೆಯ ಹೆಜ್ಜೆ, ಆತುರವಿಲ್ಲ. ಪ್ರತಿ ಹೆಜ್ಜೆಗೂ ಕೆಸರಿನಿಂದ ಕಿತ್ತು ತೆಗೆದ ಹಾಗೆ ಪಚಕ್ ಎನ್ನುವ ಸಪ್ಪಳ. ನೆಲ ಒಣಗಿ ಬಿರುಕು ಬಿಟ್ಟಿತ್ತು. ಬಿಸಿಲಲ್ಲಿ ಯಾರೂ ಕಾಣಲಿಲ್ಲ. ಹೆಜ್ಜೆ ಕಲ್ಮೇಶಪ್ಪನ ಎದುರಿಗೆ ಬಂದು ನಿಂತಿತು, ಹಿಮ್ಮಡಿ ಬಡಿಯಿತು. ಅವನ ಹಲ್ಲು ಚಳಿಗೆ ಕಟಕಟ ಅಂದವು. ಕೈ ತಾನಾಗಿ ಎದ್ದು ಬಾಗಿಲ ಕಡೆ ತೋರಿಸಿತು. ಬೂಟುಗಳು ತಿರುಗಿದವು, ಮೆಟ್ಟಿಲು ಏರಿದವು, ಹೊಸ್ತಿಲಲ್ಲಿ ಕೂತಿದ್ದ ಚನ್ನವ್ವನ ಸೆರಗನ್ನು ಅಲುಗಿಸಿ, ಮುಚ್ಚಿದ ಬಾಗಿಲ ಆಚೆ ಹೋದವು.

ಒಳಗೆ ಯಾರೋ ಭಾರವಾಗಿ ಕೂತ ಸಪ್ಪಳ. ತಾಟು ನೆಲದ ಮೇಲೆ ಸರಿದ ಸಪ್ಪಳ. ಆಮೇಲೆ ರೊಟ್ಟಿ ಮುರಿಯುವುದು ಕೇಳಿಸಿತು. ಮುದಕವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅವಳ ಮನೆಯಲ್ಲಿ ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಒಂದು ಅಗುಳು ಕಡಿಮೆಯಾಗಿರಲಿಲ್ಲ.

ಎಷ್ಟೋ ಹೊತ್ತು ಆದ ಮೇಲೆ ಒಳಗೆ ನಿಶ್ಶಬ್ದವಾಯಿತು. ರೇಣು ಅಂಜುತ್ತ ಬಾಗಿಲು ದೂಡಿದಳು. ಒಳಗಿನ ಚಳಿ ಹೊರಗಿನ ಬಿಸಿಲಿಗೆ ಬಂದು ಬಡಿಯಿತು. ದೀಪ ಉರಿಯುತ್ತಿತ್ತು. ಚರಗಿಯ ಮೇಲೆ ಬಿಳಿ ಮಂಜು ಕೂತಿತ್ತು, ಹೊಸ ಧೋತರದ ಮುಂದೆ ಬೂದಿ ಬಣ್ಣದ ಕೆಸರು. ತಾಟಿನಲ್ಲಿ ರೊಟ್ಟಿ ಅರ್ಧವಿತ್ತು. ಎಣ್ಣೆಗಾಯಿ ಅರ್ಧ, ಪಲ್ಯ ಅರ್ಧ, ಹೋಳಿಗೆಯನ್ನು ಸರಿಯಾಗಿ ನಡುವೆ ಮುರಿದು ಒಂದು ತುಂಡು ಬಿಡಲಾಗಿತ್ತು. ಉಳಿದದ್ದನ್ನೆಲ್ಲ ತಾಟಿನ ಒಂದು ಬದಿಗೆ, ಒಂದಕ್ಕೊಂದು ತಾಗದ ಹಾಗೆ, ಅಚ್ಚುಕಟ್ಟಾಗಿ ಸರಿಸಿ ಇಡಲಾಗಿತ್ತು.

“ಪೂರಾ ಉಂಡಿಲ್ಲ” ಎಂದಳು ರೇಣು ಪಿಸುಮಾತಿನಲ್ಲಿ. “ಸಿಟ್ಟಾಗ್ಯಾರೇನ್ರಿ ಅತ್ತಿ?”

ಚನ್ನವ್ವ ಗೋಡೆ ಹಿಡಿದು ಒಳಗೆ ಬಂದಳು. ತಾಟನ್ನು ನೋಡಿದಳು. ಅವಳ ಮುಖ ಸಣ್ಣ ಹುಡುಗಿಯ ಮುಖದ ಹಾಗಾಯಿತು.

“ಸಿಟ್ಟಲ್ಲವಾ. ಆಗಿನ ಕಾಲದಾಗ ಗಂಡ ಉಂಡ ತಾಟಿನಾಗ ಹೆಂಡ್ತಿ ಉಣಬೇಕು. ತಿಳುವಳಿಕಿ ಇದ್ದ ಗಂಡಸು ಅರ್ಧಾ ಬಿಟ್ಟ ಏಳ್ತಿದ್ದ. ಇದು ನಮ್ಮವ್ವಗ ಬಿಟ್ಟದ್ದು. ಆಕಿ ಒಳಗ ಅದಾಳಂತ ತಿಳಿದಾನ.”

ಹಿರಿಯರ ಎಡೆಯಲ್ಲಿ ಉಳಿದದ್ದನ್ನು ಆಕಳಿಗೆ ಹಾಕುವುದು ಪದ್ಧತಿ. ಆದರೆ ಚನ್ನವ್ವ ಮೆಲ್ಲಗೆ ನೆಲಕ್ಕೆ ಕೂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತಾಟನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಅತ್ತೀ, ಬ್ಯಾಡ್ರಿ, ಸತ್ತವರ ಎಂಜಲ ಅದು” ಎಂದು ರೇಣು ಕೈ ಹಿಡಿಯಹೋದಳು.

“ನಮ್ಮವ್ವ ಐವತ್ತೆರಡ ವರ್ಷ ಈ ತಾಟ ಕಾದ್ಲು, ರೇಣು. ಯಾರರ ಉಣಬೇಕಲ್ಲ.”

ಉಂಡಳು. ರೊಟ್ಟಿ ಮಂಜುಗಡ್ಡೆಯಷ್ಟು ತಣ್ಣಗಿದ್ದು ಅವಳ ದವಡೆ ನಡುಗುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೂ ಬಿಡದೆ ಅಗಿದಳು. ಆಗಲೇ ಕಲ್ಮೇಶಪ್ಪನಿಗೆ ನೆನಪಾದದ್ದು, ಬೂಟುಗಳು ಒಳಗೆ ಹೋದದ್ದನ್ನು ಎಲ್ಲರೂ ಕೇಳಿದ್ದರು, ಹೊರಗೆ ಹೋದದ್ದನ್ನು ಯಾರೂ ಕೇಳಿರಲಿಲ್ಲ. ಮುದಕವ್ವನೂ ಅದನ್ನೇ ಯೋಚಿಸುತ್ತಿದ್ದಳೆಂದು ಅವಳು ಅವನ ತೋಳು ಹಿಡಿದ ರೀತಿಯಲ್ಲೇ ತಿಳಿಯಿತು.

ಚನ್ನವ್ವ ತಲೆ ಎತ್ತದೆ, ತುತ್ತಿನ ನಡುವೆ, ಎದುರಿಗೆ ಕೂತವರ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದಳು.

“ಅವ್ವ ಇಲ್ಲ. ಆಕಿ ಹೋಗಿ ಭಾಳ ವರ್ಷಾದ್ವು. ನಾ ಚನ್ನವ್ವ. ನಿನ್ನ ಮಗಳು. ನೀ ಹೋದ ಮ್ಯಾಲ ಹುಟ್ಟೇನಿ.”

ಅವಳು ಹೋಳಿಗೆಯ ತುಂಡನ್ನೂ ಮುಗಿಸಿದಳು, ತಾಟಿನಲ್ಲೇ ಕೈ ತೊಳೆದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಷ್ಟಾದ ಮೇಲೆಯೇ ಬೂಟುಗಳು ಎದ್ದು ಹೊರಟವು.